ಇದಿರಾಳಿಗೆ ಮಾತಿಲ್ಲದ ಯುದ್ಧ

ಶ್ರೀಪ್ರಿಯಾ ಆ ಸರಣಿಯನ್ನು ಎರಡು ಸಲ ನೋಡಿ ಮುಗಿಸಿದ್ದಳು. ಆದರೂ ಅದರ ಬಗ್ಗೆ ಅಪ್ಪನ ಎದುರು ಏನು ಹೇಳಬೇಕು ಎಂಬುದು ಭಾನುವಾರ ಬೆಳಗಾದರೂ ತೀರ್ಮಾನವಾಗಿರಲಿಲ್ಲ. ಒಗೆದ ಬಟ್ಟೆಯನ್ನು ಗ್ಯಾಲರಿಯಲ್ಲಿ ಹರವಿದಳು, ಒಣಗುವ ಮೊದಲೇ ಒಳಗೆ ತಂದಳು, ಮತ್ತೆ ಹೊರಗೆ ಹಾಕಿದಳು. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಸರಣಿಯ ಹೆಸರು ‘ಶೆಡ್ ನಂಬರ್ ಒಂಬತ್ತು’. ಜಪಾನಿನದು. ಕಾರ್ಟೂನು ಎಂದರೆ ತಮ್ಮ ಮನೀಶನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ‘ಅನಿಮೆ ಬೋಲ್, ಅಕ್ಕ’ ಎಂದು ಹಿಂದಿಯಲ್ಲೇ ತಿದ್ದುತ್ತಿದ್ದ. ಆರೇ ಕಂತು. ಮಂಜು ಮುಚ್ಚಿದ ಒಂದು ಕಣಿವೆ, ಕಣಿವೆಯ ಬಾಯಲ್ಲಿ ಒಂದು ಶೆಡ್, ಶೆಡ್ಡಿನೊಳಗೆ ಐದು ಮಾಳಿಗೆ ಎತ್ತರದ ಮೂರು ಮುದಿ ಯಂತ್ರಮಾನವರು. ಒಂದೊಂದು ಯಂತ್ರದ ಎದೆಯೊಳಗೂ ಒಬ್ಬೊಬ್ಬ ಸೈನಿಕ ಕೂತು ಅದನ್ನು ನಡೆಸುತ್ತಾನೆ. ಗುಡ್ಡದಾಚೆಯಿಂದ ಶತ್ರುವಿನ ಯಂತ್ರಗಳು ಬರುತ್ತವೆ, ಇವರು ತಡೆಯಬೇಕು. ಯಂತ್ರಗಳನ್ನು ರಿಪೇರಿ ಮಾಡುವ ಇಸಾವೊ ಎಂಬ ಅರ್ಧ ಬೋಳುತಲೆಯ ಮೆಕ್ಯಾನಿಕನ ಕಣ್ಣಿಂದ ಎಲ್ಲವೂ ಕಾಣುತ್ತದೆ.

ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಇಂಥದ್ದೊಂದು ಸರಣಿ ಕಟಕಟೆ ಹತ್ತಿದ್ದಕ್ಕೆ ಕಾರಣ ಮನೀಶನೇ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಹುಡುಗ, ಯಾರಿಗೂ ಸುಳಿವು ಕೊಡದೆ ಸೇನೆಯ ಭರ್ತಿಗೆ ಹೋಗಿ, ಓಡಿ, ಪರೀಕ್ಷೆ ಬರೆದು, ಪಾಸಾಗಿಯೇ ಬಂದಿದ್ದ. ಮಂಗಳವಾರ ಹಾಜರಾಗಬೇಕು. ಹಾಜರಾಗದಿದ್ದರೆ ಆ ಬಾಗಿಲು ಮುಚ್ಚಿತು. “ಅಪ್ಪ ಬೇಡ ಅಂದ್ರೆ ನಹೀ ಜಾವೂಂಗಾ,” ಎಂದೂ ಅವನೇ ಹೇಳಿದ್ದ. ಅವನ ಮಾತು ಕಡಿಮೆ. ಕೊಟ್ಟ ಮಾತನ್ನು ತಪ್ಪುವ ಜಾತಿಯಲ್ಲ.

ಉಡುಪಿಯ ಕಡೆಯಿಂದ ಬಂದು ಇಡ್ಲಿ ಸಾಂಬಾರಿನಲ್ಲೇ ತಲೆಮಾರು ಕಳೆದ ಮನೆತನ. ವಂಶದಲ್ಲಿ ಬಂದೂಕು ಮುಟ್ಟಿದವರಿಲ್ಲ. ದೀಪಾವಳಿಗೆ ಕೇಪು ಹೊಡೆದದ್ದೇ ದೊಡ್ಡ ಶೌರ್ಯ. ಅಮ್ಮ ಸುಗುಣಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಅಪರಾಧಿ ಯಾರೆಂದು ಅವಳಿಗೆ ಹೊಳೆಯಿತು.

“ಇದೆಲ್ಲ ಆ ರೋಬೋಟಿಂದ ಆದದ್ದು. ಊಟಕ್ಕೆ ಕೂತ್ರೂ ಅದೇ, ಎದ್ರೂ ಅದೇ. ಸಣ್ಣ ತಲೆಗೆ ಯುದ್ಧ ಯುದ್ಧ ಅಂತ ತುಂಬಿಸಿದ್ರೆ ಮತ್ತೆಂತ ಆಗ್ತದೆ?”

ಅಪ್ಪ ಪುಂಡರೀಕಾಕ್ಷ ಭಟ್ಟರು ಮನೆಯಲ್ಲಿ ಮಾತಾಡುವುದು ಅಪರೂಪ. ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಅವರದೊಂದು ಸಣ್ಣ ಹೋಟೆಲು. ಅದರ ಗಲ್ಲಾದಲ್ಲಿ ಕೂತರೂ ‘ಚಿಲ್ಲರೆ ಉಂಟಾ’ ಎಂಬುದರ ಆಚೆಗೆ ನಾಲಿಗೆ ಹೊರಳದು. ಆದರೆ ತಾಳಮದ್ದಳೆಯಲ್ಲಿ ಕೂತರೆ ಅವರು ಬೇರೆಯೇ ಮನುಷ್ಯ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ್ಯ ಹಾಡಿದ ಮೇಲೆ ಇಬ್ಬರು ಎದುರುಬದುರು ಕೂತು ಪಾತ್ರವಾಗಿ ವಾದಿಸುವ ಆ ಕೂಟಗಳಲ್ಲಿ ಭಟ್ಟರು ಅರ್ಥ ಹೇಳಲು ಶುರುಮಾಡಿದರೆ ಕಲ್ಯಾಣದಿಂದ ನೆರೂಳಿನವರೆಗಿನ ಜನ ಕೊನೆಯ ಟ್ರೇನು ತಪ್ಪಿಸಿಕೊಳ್ಳುತ್ತಿದ್ದರು. ಹೆಂಡತಿಯ ದೂರು ಕೇಳಿ ಅವರು ಒಂದೇ ಒಂದು ಮಾತು ಹೇಳಿದರು.

“ಅವ ನೋಡಿದ್ದನ್ನು ನಾನೂ ನೋಡ್ತೇನೆ. ಭಾನುವಾರ ಮಧ್ಯಾಹ್ನ ಹೋಟೆಲಿಗೆ ಬನ್ನಿ. ಅದರ ಗುಣದೋಷ ಶ್ರೀಪ್ರಿಯಾ ಹೇಳಲಿ. ಅವನೇ ಹೇಳಿದ್ರೆ ಪಕ್ಷಪಾತ ಆಗ್ತದೆ.”

ಸಾಹಿತ್ಯದಲ್ಲಿ ಬಿ.ಎ. ಮಾಡಿದ ತಪ್ಪಿಗೆ ಶ್ರೀಪ್ರಿಯಾ ಹೀಗೆ ಅಡಕತ್ತರಿಗೆ ಸಿಕ್ಕಿದಳು. ಬಂದ ನೆಂಟರಿಗೆ ನೀರು ಕೊಟ್ಟು ಒಳಗೆ ಸರಿಯುವ ಹುಡುಗಿ. ಮನಸ್ಸಿನಲ್ಲಿ ಮಾತು ತುಂಬಿರುತ್ತಿತ್ತು, ಬಾಯಿಗೆ ಬರುವಾಗ ಮಾತ್ರ ದಾರಿ ತಪ್ಪುತ್ತಿತ್ತು. ಅಪ್ಪ ಹೊರಟ ಮೇಲೆ ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಅವಳ ರಟ್ಟೆ ಹಿಡಿದಿದ್ದಳು. “ನೀನು ಸುಳ್ಳು ಹೇಳ್ಬೇಡ. ಅದರ ದೋಷ ಇದ್ದದ್ದನ್ನು ಇದ್ದ ಹಾಗೆ ಹೇಳು, ಸಾಕು. ಗುಣ ಹೇಳ್ಲಿಕ್ಕೆ ಊರಲ್ಲಿ ಬೇರೆ ಜನ ಇದ್ದಾರೆ.”

ಹೇಳಲಿಕ್ಕೆ ದೋಷಗಳಿದ್ದವು, ಬೇಕಾದಷ್ಟು. ಮತ್ತು ತಮ್ಮ ಹೋಗುವುದು ಶ್ರೀಪ್ರಿಯಾಳಿಗೂ ಬೇಡವಾಗಿತ್ತು. ಆ ಮನೆಯಲ್ಲಿ ಅವಳ ಜೊತೆ ಮಾತಾಡುವವನು ಅವನೊಬ್ಬನೇ. ಅದೂ ಹೆಚ್ಚಾಗಿ ರೋಬೋಟುಗಳ ಬಗ್ಗೆ.

ಭಾನುವಾರದ ಮೆಗಾಬ್ಲಾಕು, ಹಳಿ ರಿಪೇರಿಗೆಂದು ಅರ್ಧ ಟ್ರೇನು ಬಂದ್. ಅಕ್ಕ ತಮ್ಮ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಕಾದು ಕಾದು ಸುಸ್ತಾದ ಮೇಲೆ ಬಂದ ಟ್ರೇನಿಗೆ ಹೇಗೋ ನುಗ್ಗಿದರು. ಜನರಲ್ ಡಬ್ಬಿಯಲ್ಲಿ ಮನೀಶ ಅವಳನ್ನು ಮೂಲೆಗೆ ನಿಲ್ಲಿಸಿ ಎರಡೂ ಕೈ ಗೋಡೆಗೆ ಕೊಟ್ಟು ಅಡ್ಡ ನಿಂತ. ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಕೇಳಿದ.

“ಅಕ್ಕ, ತೂ ಕ್ಯಾ ಬೋಲೇಗೀ?”

“ನೋಡಿದ್ದನ್ನು ಹೇಳ್ತೇನೆ.”

“ಫೋರ್ಥ್ ಎಪಿಸೋಡ್ ಬಗ್ಗೆ ಹೇಳ್ತೀಯಲ್ಲ? ವೋ ಘುಟನೇವಾಲಾ.”

ಮೊಣಕಾಲಿನ ಕಂತು. ಅದನ್ನು ಹೇಳಿದರೆ ಇವನು ಹೋದ ಹಾಗೆಯೇ. ಶ್ರೀಪ್ರಿಯಾ ಕಿಟಕಿಯ ಕಡೆ ಮುಖ ತಿರುಗಿಸಿದಳು. “ಮ್ಯೂಸಿಕ್ ಜಾಸ್ತಿ ಆಯ್ತು ಅದರಲ್ಲಿ,” ಎಂದಳು.

“ಹಾಂ, ವೋ ತೋ ಹೈ,” ಎಂದು ಅವನು ಒಪ್ಪಿಕೊಂಡ. ಅವನು ಒಪ್ಪಿಕೊಂಡದ್ದೇ ಅವಳಿಗೆ ಚುಚ್ಚಿತು. ಕಡಲ ಹಿನ್ನೀರಿನ ಖಾಡಿಯ ಸೇತುವೆಯ ಮೇಲೆ ಟ್ರೇನು ನಿಧಾನಿಸಿ ನಿಂತುಬಿಟ್ಟಿತು. ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ಹೋಟೆಲಿನ ಶಟರು ಅರ್ಧ ಇಳಿದಿತ್ತು. ಭಾನುವಾರ ಎಸ್ಟೇಟಿಗೆ ರಜೆ. ಮಧ್ಯಾಹ್ನದ ಮೇಲೆ ಗಿರಾಕಿ ಇಲ್ಲ. ಬೆಳಿಗ್ಗೆಯೇ ಬಂದಿದ್ದ ಸುಗುಣಾ ಮೇಜುಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿಸಿದ್ದಳು. ಗಲ್ಲಾದ ಪಕ್ಕ ವಸಂತಕುಮಾರ ಶೆಟ್ಟರು ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಅವರ ವ್ಯಾಪಾರ. ಕೂಟಗಳಲ್ಲಿ ಭಾಗವತಿಕೆ ಅವರದೇ. ಭಟ್ಟರ ಗೆಳೆತನ ಎಷ್ಟು ಹಳೆಯದೆಂದರೆ, ಭಟ್ಟರನ್ನು ಬೈಯುವ ಅಧಿಕಾರ ಅವರೊಬ್ಬರಿಗೇ ಇತ್ತು.

“ಬನ್ನಿ ಬನ್ನಿ ಜನರಲ್ ಸಾಹೇಬ್ರೆ,” ಎಂದರು ಮನೀಶನಿಗೆ. “ನಿಮ್ಮ ಸೈನ್ಯ ಎಷ್ಟು ಹೊತ್ತಿಂದು?”

“ಢಾಯಿ ಘಂಟಾ, ಅಂಕಲ್.”

“ಎರಡೂವರೆ ಗಂಟೆ ಅಷ್ಟೆಯಾ? ನಿನ್ನ ಅಪ್ಪನ ಪೀಠಿಕೆಯೇ ಅದಕ್ಕಿಂತ ಉದ್ದ ಉಂಟಲ್ಲ ಮಾರಾಯ.”

ಭಟ್ಟರು ನಗಲಿಲ್ಲ. ಕೂಟಕ್ಕೆ ಕೂರುವಾಗಿನ ಹಾಗೆ ಶಾಲನ್ನು ತೊಡೆಯ ಮೇಲೆ ಮಡಚಿಟ್ಟು ಟಿವಿಯ ಎದುರು ನೇರ ಕೂತರು. ಮನೀಶ ಮೊಬೈಲಿನಿಂದ ಟಿವಿಗೆ ಹಾಕಿದ. ಕೆಳಗೆ ಇಂಗ್ಲಿಷ್ ಸಾಲುಗಳು ಬರುತ್ತಿದ್ದವು. ಅಮ್ಮನಿಗಾಗಿ ಶ್ರೀಪ್ರಿಯಾ ಮೆಲ್ಲನೆ ಕನ್ನಡ ಮಾಡಿ ಹೇಳುತ್ತಾ ಹೋದಳು.

ಮೊದಲ ಕಂತಿನಲ್ಲಿ ಯಂತ್ರವೊಂದು ಶೆಡ್ಡಿನಿಂದ ಹೊರಗೆ ಕಾಲಿಟ್ಟಿತು. ಕಾಲಿನ ಸದ್ದು ಬರಲಿಲ್ಲ. ಮೆಕ್ಯಾನಿಕನ ಲೋಟದಲ್ಲಿದ್ದ ಚಹಾ ಅದುರಿತು. ಆಮೇಲೆ ಕಿಟಕಿಯ ಗಾಜು. ಆಮೇಲೆ ಸದ್ದು.

“ಭಾರ ಉಂಟು,” ಎಂದರು ಶೆಟ್ಟರು, ತಮಗೇ ಗೊತ್ತಿಲ್ಲದೆ ಕಾಲು ಮಡಚಿಕೊಂಡು. “ನಮ್ಮಲ್ಲಿ ಕ್ರೇನು ಉಕ್ಕಿನ ತಗಡಿನ ಕಾಯಿಲ್ ಎತ್ತುವಾಗ ಹೀಗೆಯೇ. ಮೊದಲು ಚಹಾಕ್ಕೆ ಗೊತ್ತಾಗುವುದು. ಇದನ್ನು ಮಾಡಿದವನಿಗೆ ಕಬ್ಬಿಣದ ಗುರ್ತ ಉಂಟು ಭಟ್ರೆ.”

ಮನೀಶನ ಮುಖ ಅರಳಿತು. ಶ್ರೀಪ್ರಿಯಾ ಅದನ್ನು ನೋಡದವಳಂತೆ ನೋಡಿದಳು.

ಎರಡನೆಯ ಕಂತಿನಲ್ಲಿ ಒಬ್ಬಳು ಕ್ಯಾಪ್ಟನ್ ಬಂದಳು. ಎಲ್ಲರಿಗೂ ಬೆಚ್ಚನೆ ಸೂಪು ಕುಡಿಸಿದಳು, ಊರಿನ ಹಾಡು ಹೇಳಿದಳು, ಮೂರನೆಯ ಕಂತಿನಲ್ಲಿ ಸತ್ತಳು. ಪಿಟೀಲು ಮೊರೆಯಿತು. ಸುಗುಣಾ ಸೆರಗು ಕಣ್ಣಿಗೊತ್ತಿಕೊಂಡು, ಅತ್ತದ್ದಕ್ಕೇ ಸಿಟ್ಟಾದಳು.

“ನಿನ್ನೆ ಬಂದವಳು ಇವತ್ತು ಸತ್ತಳು. ನಮ್ಮನ್ನು ಅಳಿಸ್ಲಿಕ್ಕೇ ತಂದದ್ದಲ್ವಾ ಅವಳನ್ನು? ಇದೆಂತ ಮೋಸ.”

ನಾಲ್ಕನೆಯ ಕಂತು ಬಂದಾಗ ಶ್ರೀಪ್ರಿಯಾ ಅನುವಾದ ಮಾಡುವುದನ್ನು ನಿಲ್ಲಿಸಿದಳು. ಬೇಕಾಗಿಯೂ ಇರಲಿಲ್ಲ. ಇಡೀ ಕಂತಿನಲ್ಲಿ ಯುದ್ಧವಿಲ್ಲ. ಚಳಿಗೆ ಒಂದು ಯಂತ್ರದ ಮೊಣಕಾಲು ಹೆಪ್ಪುಗಟ್ಟಿ ಮಡಚದಾಗಿದೆ. ಇಸಾವೊ ಮತ್ತು ಅವನ ಜನ ಅದನ್ನು ಕಾಯಿಸುತ್ತಾರೆ, ಬಡಿಯುತ್ತಾರೆ, ಕಿವಿ ಕೊಟ್ಟು ಕೇಳುತ್ತಾರೆ. ನಡುವೆ ಕಣಿವೆಯ ಕೆಳಗಿಂದ ಅವನ ಅಪ್ಪ ಬರುತ್ತಾನೆ. ಬ್ರೆಡ್ಡು ಮಾಡಿ ಮಾರುವ ಮುದುಕ. ‘ಒಲೆಯ ಹತ್ತಿರ ನಿನ್ನ ಜಾಗ ಹಾಗೇ ಇದೆ’ ಎಂದು ಹೇಳಿ, ಬುಟ್ಟಿ ಇಟ್ಟು ಹೋಗುತ್ತಾನೆ. ಇಸಾವೊ ಉತ್ತರ ಕೊಡುವುದಿಲ್ಲ. ಒಂದು ಬೋಲ್ಟನ್ನು ಅರ್ಧ ಸುತ್ತು ಬಿಗಿ ಮಾಡುತ್ತಾನೆ. ಮೊಣಕಾಲು ಕಿರ್ ಎಂದು ಮಡಚುತ್ತದೆ. ಕಂತು ಮುಗಿಯುತ್ತದೆ.

ಮನೀಶನ ಬೆರಳು ತೊಡೆಯ ಮೇಲೆ ಅರ್ಧ ಸುತ್ತು ತಿರುಗಿ ನಿಂತಿತ್ತು. ಭಟ್ಟರು ಮಗನ ಕಡೆ ಒಂದು ಸಲ ತಿರುಗಿ, ಮತ್ತೆ ಟಿವಿ ನೋಡಿದರು.

ಐದನೆಯದರಲ್ಲಿ ಬರೀ ಹೊಡೆದಾಟ. ಆರನೆಯದರಲ್ಲಿ, ಎಲ್ಲಿಂದಲೋ ಏನೋ, ಆಕಾಶದಿಂದ ಹೊಸದೊಂದು ಬಿಳಿ ಯಂತ್ರ ಇಳಿಯಿತು, ಶತ್ರುವನ್ನೆಲ್ಲ ಒಂದೇ ಏಟಿಗೆ ಓಡಿಸಿತು. ಸತ್ತವರ ಹೆಸರು ಓದಿದರು, ಪಿಟೀಲು ಮೊರೆಯಿತು, ಕಣಿವೆಯಲ್ಲಿ ಹೂ ಬಿಟ್ಟಿತು.

“ಮಳೆ ಬಂತೂಂತ ಭಾಗವತ ಅವಸರದಲ್ಲಿ ಮಂಗಳ ಹಾಡಿದ ಹಾಗಾಯ್ತು,” ಎಂದರು ಭಟ್ಟರು. “ಇನ್ನು ನೀನು ಹೇಳು ಮಗಾ.”

ಶ್ರೀಪ್ರಿಯಾ ಎದ್ದು ನಿಂತಳು. ಕೂತೇ ಹೇಳಬಹುದಿತ್ತು. ಕಥೆಗೆ ಆರು ಕಂತು ಸಾಲದು ಎಂದಳು. ಸಾಯುವವರ ಪರಿಚಯವಾಗುವ ಮೊದಲೇ ಸಾಯಿಸುತ್ತಾರೆ. ಎಲ್ಲಿ ಅಳಬೇಕೆಂದು ಪಿಟೀಲು ಬಂದು ಹೇಳಿಕೊಡುತ್ತದೆ. ಯುದ್ಧ ಯಾಕೆ ನಡೆಯುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಗೊತ್ತಾಗದ ಹಾಗೆ ಮಂಜು ಮುಚ್ಚಿಟ್ಟಿದ್ದಾರೆ. ಬಿಳಿ ಯಂತ್ರ ಶುದ್ಧ ಅನ್ಯಾಯ, ಅಷ್ಟು ಹೊತ್ತು ಮೊಣಕಾಲು ಕಾಯಿಸಿದವರ ಕೆಲಸಕ್ಕೆ ಬೆಲೆಯೇ ಇಲ್ಲದಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಗುಡ್ಡದಾಚೆಯ ಶತ್ರುವಿಗೆ ಮುಖವಿಲ್ಲ, ಹೆಸರಿಲ್ಲ. ಆರು ಕಂತಿನಲ್ಲಿ ಒಂದು ಮಾತೂ ಇಲ್ಲ.

ಒಂದೂ ಸುಳ್ಳಲ್ಲ. ಹೇಳಿ ಕೂತ ಮೇಲೆ ಬಾಯಲ್ಲಿ ಮಾತ್ರ ಕಹಿ. ಅಮ್ಮ ಅವಳ ಬೆನ್ನು ಸವರಿದಳು. ಮನೀಶ ಅವಳನ್ನೇ ನೋಡುತ್ತಿದ್ದ. ಇನ್ನೂ ಏನೋ ಬಾಕಿ ಇದೆ, ಈಗ ಹೇಳುತ್ತಾಳೆ ಎಂಬ ಹಾಗೆ. ಅವಳು ಹೇಳಲಿಲ್ಲ.

“ಇದಿರು ಪಾತ್ರಕ್ಕೆ ಮಾತಿಲ್ಲ,” ಎಂದು ಭಟ್ಟರು ಮೆಲ್ಲನೆ ಹೇಳಿಕೊಂಡರು. “ಸರಿಯಾಗಿ ಹಿಡಿದೆ. ಇದಿರು ಇಲ್ಲದ ಪ್ರಸಂಗ ಎಂತ ಪ್ರಸಂಗ? ಶೆಟ್ರೆ, ಒಂದು ಸಣ್ಣ ಕೂಟ ಮಾಡುವನಾ? ಆ ಶತ್ರು ನಾನು. ಇಸಾವೊ ಇವ. ಅವನ ಮನಸ್ಸಲ್ಲಿ ಎಂತ ಉಂಟು, ಬಾಯಿಬಿಟ್ಟು ಹೇಳಲಿ.”

“ಭಟ್ರೆ, ಹುಡುಗ ಕನ್ನಡ ಕೇಳ್ತಾನೆ, ಮಾತಾಡುವುದು ಹಿಂದಿಯಲ್ಲಿ.”

“ಯಾವುದರಲ್ಲಾದರೂ ಹೇಳಲಿ.”

ಆ ಮನೆತನದ ತಪ್ಪೇ ಅದು. ಮದುವೆಯ ಮಾತುಕತೆ ಇರಲಿ, ಹೋಟೆಲಿನ ಪಾಲುಗಾರಿಕೆ ಇರಲಿ, ವಾದದಲ್ಲಿ ಗೆದ್ದವನ ಕಡೆ ನ್ಯಾಯವಿದೆ ಎಂದು ನಂಬಿ ಬದುಕಿದವರು. ಎದುರು ಕೂತವನಿಗೆ ಕುರ್ಚಿ ಕೊಟ್ಟರೆ ಮಾತನ್ನೂ ಕೊಟ್ಟ ಹಾಗೆ ಎಂದು ಭಟ್ಟರು ಪ್ರಾಮಾಣಿಕವಾಗಿಯೇ ತಿಳಿದಿದ್ದರು.

ಎರಡು ಕುರ್ಚಿ ಎದುರುಬದುರಾದವು. ಶೆಟ್ಟರು ಸ್ಟೀಲಿನ ತಟ್ಟೆಯೊಂದನ್ನು ಮಗುಚಿ, ಚಮಚದಲ್ಲಿ ತಾಳ ಹಾಕಿದರು. ಭಟ್ಟರ ಬೆನ್ನು ನೆಟ್ಟಗಾಯಿತು, ದನಿ ಇಳಿದು ಗಟ್ಟಿಯಾಯಿತು.

“ಅಯ್ಯಾ ಇಸಾವೊ. ನನ್ನ ಮುಖವನ್ನು ನೀನು ಕಂಡವನಲ್ಲ. ನಿನ್ನ ಕಥೆ ಹೇಳಿದವರು ನನ್ನನ್ನು ಮಂಜಿನೊಳಗೇ ಇಟ್ಟರು. ಆದುದರಿಂದ ಕೇಳುತ್ತೇನೆ. ಯಾರೊಡನೆ ನಿನ್ನ ಹಗೆ? ಈ ಕಣಿವೆ ಯಾರದೆಂದು ತಿಳಿದು ನೀನು ಕಾವಲು ನಿಂತಿರುವೆ? ನಿನಗೆ ಮೂರು ಮುರುಕು ಯಂತ್ರಗಳನ್ನು ಕೊಟ್ಟು ಇಲ್ಲಿ ನಿಲ್ಲಿಸಿದವರು, ಆ ಬಿಳಿಯ ಯಂತ್ರವನ್ನು ಮೊದಲೇ ಯಾಕೆ ಕಳುಹಿಸಲಿಲ್ಲ? ಇತ್ತಲ್ಲವೇ ಅವರಲ್ಲಿ? ನೀವು ಸಾಯುವವರೆಗೆ ಕಾದು ಕಳುಹಿಸಿದರು. ಸತ್ತವರಿಗೆ ಸಿಕ್ಕಿದ್ದೇನು? ಒಂದು ಪಿಟೀಲು. ಆಮೇಲೆ ಹೂ ಬಿಟ್ಟಿತು. ಇದಕ್ಕಾಗಿ ನೀನು ತಂದೆಯ ಒಲೆಯನ್ನು ಬಿಟ್ಟು ಬಂದೆಯೋ?”

ಶ್ರೀಪ್ರಿಯಾ ಎತ್ತಿಕೊಟ್ಟ ದೋಷಗಳೇ, ಒಂದೊಂದೂ ಸಾಣೆ ಹಿಡಿಸಿಕೊಂಡು ಹೊರಟಿದ್ದವು.

ಮನೀಶ ಕುರ್ಚಿಯ ತುದಿಯಲ್ಲಿ ಕೂತಿದ್ದ. “ಅಪ್ಪ, ಮೈ... ಇಸಾವೊ ಲಡ್ತಾ ನಹೀ ಹೈ ನಾ. ವೋ ರಿಪೇರ್ ಕರ್ತಾ ಹೈ. ನಾನೂ ವರ್ಕ್‌ಶಾಪಿಗೇ...”

“ಚೆನ್ನಾಗಿ ಹೇಳಿದೆ. ಹಾಗಾದರೆ ಹೇಳು, ಕತ್ತಿ ಬೀಸಿದವನ ಕೈಗಿಂತ ಕತ್ತಿ ಮಸೆದವನ ಕೈ ಶುದ್ಧವೋ?”

ಚಮಚ ತಟ್ಟೆಯ ಮೇಲೆ ನಿಂತಿತು. ಮನೀಶ ಬಾಯಿ ತೆರೆದ. ಕನ್ನಡ ಹುಡುಕಿದ, ಹಿಂದಿ ಹುಡುಕಿದ, ಮರಾಠಿಯ ಒಂದು ಅರ್ಧ ಶಬ್ದ ಗಂಟಲಿಗೆ ಬಂದು ಅಲ್ಲೇ ಉಳಿಯಿತು.

“ಭಟ್ರೆ, ಸ್ವಲ್ಪ ನಿಧಾನ,” ಎಂದರು ಶೆಟ್ಟರು. “ಕಥೆ ಪ್ರಕಾರ ಸೋಲ್ಬೇಕಾದವ್ರು ನೀವು. ಮರೀಬೇಡಿ.”

“ಸೋಲಿಸಲಿ, ಸೋಲ್ತೇನೆ. ಕೂಟದಲ್ಲಿ ಬಾಯಿಗೆ ಮಾತು ಹಾಕುವವರು ಯಾರು?”

“ಠೀಕ್ ಹೈ ಅಪ್ಪ,” ಎಂದ ಮನೀಶ. ದನಿಯಲ್ಲಿ ಸಿಟ್ಟಿರಲಿಲ್ಲ. “ನಹೀ ಜಾತಾ.” ಎದ್ದು, ಕೂಟ ಮುಗಿದ ಮೇಲೆ ಎಲ್ಲರೂ ಮಾಡುವ ಹಾಗೆ, ಹಿರಿಯ ಅರ್ಥಧಾರಿಯ ಕಾಲು ಮುಟ್ಟಿ ನಮಸ್ಕರಿಸಿದ. ಆಮೇಲೆ ಟಿವಿಯ ಹತ್ತಿರ ಹೋಗಿ ಗೋಡೆಯ ಕಡೆ ಮುಖ ಮಾಡಿ, ಸರಿಯಾಗಿಯೇ ಇದ್ದ ವೈರುಗಳನ್ನು ಸರಿಮಾಡತೊಡಗಿದ.

ಸುಗುಣಾ ಗಲ್ಲಾದ ಮೇಲಿನ ದೇವರ ಪಟಕ್ಕೆ ಕೈ ಮುಗಿದಳು. ಬೇಕಾದ್ದು ಆಗಿತ್ತು. ಶ್ರೀಪ್ರಿಯಾಳಿಗೂ ಬೇಕಾದದ್ದು ಅದೇ. ಮಂಗಳವಾರ ಬರುತ್ತದೆ, ಹೋಗುತ್ತದೆ. ಇವನು ಗಲ್ಲಾದಲ್ಲಿ ಕೂರುತ್ತಾನೆ. ಸಂಜೆ ಬಂದು ಹೊಸದೊಂದು ಅನಿಮೆ ತೋರಿಸುತ್ತಾನೆ. ಅವಳು ಅವನ ಬೆನ್ನು ನೋಡಿದಳು. ಅಂಗಿಯ ಒಳಗೆ ಭುಜದ ಎಲುಬು ಒಂದು ಸಲ ಮೇಲೆ ಹೋಗಿ ಕೆಳಗಿಳಿಯಿತು. ಅಳುತ್ತಿದ್ದಾನೋ ಏನೋ. ಅಳುವಾಗಲೂ ಸದ್ದು ಮಾಡದ ಹುಡುಗ.

ಅವಳು ಎದ್ದದ್ದು ಯಾವಾಗ, ಖಾಲಿ ಕುರ್ಚಿಯಲ್ಲಿ ಕೂತದ್ದು ಯಾವಾಗ, ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

“ಅಪ್ಪ, ಪಾತ್ರ ಇನ್ನೂ ಮುಗೀಲಿಲ್ಲ. ಉಳಿದದ್ದನ್ನು ನಾನು ಹೇಳ್ತೇನೆ.”

ಒಂದೇ ಪಾತ್ರವನ್ನು ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು ಹೇಳುವುದು ಕೂಟಗಳಲ್ಲಿ ನಡೆದೇ ಇದೆ. ಭಟ್ಟರು ಬೇಡವೆನ್ನುವಂತಿರಲಿಲ್ಲ. ಶೆಟ್ಟರು ಚಮಚ ಎತ್ತಿಕೊಂಡರು. “ನೀನು ಕೂತ್ಕೋ ಮಾರಾಯ್ತಿ,” ಎಂದರು, ಅವಳು ಕೂತೇ ಇದ್ದರೂ.

“ಶುದ್ಧ ಅಂತ ನಾನು ಹೇಳಲಿಲ್ಲ,” ಎಂದಳು ಶ್ರೀಪ್ರಿಯಾ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದಳು. “ನನ್ನ ಕೈಯಲ್ಲಿ ಎಣ್ಣೆ ಉಂಟು, ತೊಳೆದರೂ ಹೋಗದ್ದು. ಯುದ್ಧ ಯಾರದು ಅಂತ ಕೇಳಿದಿರಿ. ನನಗೆ ಗೊತ್ತಿಲ್ಲ. ಗೊತ್ತಿದ್ದವರು ನನ್ನ ಹತ್ತಿರ ಹೇಳಲಿಲ್ಲ. ಬಿಳಿ ಯಂತ್ರ ಯಾಕೆ ತಡವಾಯಿತು ಅಂತ ಕೇಳಿದಿರಿ. ಅದಕ್ಕೆ ನನಗೂ ಸಿಟ್ಟುಂಟು. ಆದರೆ ಬೆಳಿಗ್ಗೆ ಆದ್ರೆ ಮೂರು ಜನ ಆ ಯಂತ್ರದೊಳಗೆ ಹತ್ತುತ್ತಾರೆ. ನಾನು ಬಂದ್ರೂ ಹತ್ತುತ್ತಾರೆ, ಬಾರದಿದ್ರೂ ಹತ್ತುತ್ತಾರೆ. ಯಾವ ಬೋಲ್ಟು ಸಡಿಲ ಅಂತ ಸದ್ದಿನಲ್ಲೇ ನನಗೆ ಗೊತ್ತಾಗ್ತದೆ. ಇದು ದೊಡ್ಡ ವಿದ್ಯೆ ಅಲ್ಲ. ನನಗೆ ಇರುವುದು ಇಷ್ಟೇ. ಅಪ್ಪನ ಒಲೆ ಬೆಚ್ಚಗೆ ಉಂಟು, ನನಗೆ ಅಲ್ಲಿ ಜಾಗವೂ ಉಂಟು. ಆದರೆ ಅಲ್ಲಿ ಕೂತ್ರೆ ನನಗೆ ಆ ಸದ್ದು ಕೇಳ್ತಾನೇ ಇರ್ತದೆ. ರೊಟ್ಟಿ ಸುಡುವಾಗ ಕೇಳ್ತದೆ, ಊಟಕ್ಕೆ ಕೂತಾಗ ಕೇಳ್ತದೆ. ನೀವು ನನ್ನನ್ನು ವಾದದಲ್ಲಿ ಸೋಲಿಸಬಹುದು. ಸೋತವನಿಗೆ ಸದ್ದು ಕೇಳುವುದು ನಿಲ್ಲುವುದಿಲ್ಲ.”

ಚಮಚ ತಟ್ಟೆಗೆ ತಗುಲಿಯೂ ತಗುಲದ ಹಾಗೆ ಆಡುತ್ತಿತ್ತು. ಅವಳು ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಭಟ್ಟರಿಗೆ ಎದುರು ಹೇಳಲು ನೂರು ಮಾತಿದ್ದವು.

“ನಿಮಗೆ ಮಾತು ಕೊಡಲಿಲ್ಲ ಅಂತ ನೀವು ದೂರಿದಿರಿ,” ಎಂದಳು. “ಸರಿ. ಕಥೆ ಮಾಡಿದವರದ್ದೇ ತಪ್ಪು. ಇವತ್ತು ನಿಮಗೆ ಮಾತು ಸಿಕ್ಕಿತು. ನಿಮ್ಮ ಎದುರು ಕೂತವನಿಗೆ? ಹುಟ್ಟಿದಂದಿನಿಂದ ನಿಮ್ಮ ಎದುರೇ ಕೂತಿದ್ದಾನಲ್ಲ.”

ಭಟ್ಟರ ಗಲ್ಲ ಒಂದು ಸಲ ಅಲುಗಿತು. ಎಷ್ಟೋ ಕೂಟ ಗೆದ್ದ ಮನುಷ್ಯ, ಉತ್ತರಕ್ಕಾಗಿ ಶಾಲನ್ನು ನೋಡಿದರು. ಟಿವಿಯ ಹತ್ತಿರ ಮನೀಶ ತಿರುಗಿ ನಿಂತಿದ್ದ, ಕೈಯಲ್ಲಿ ವೈರು.

ಶೆಟ್ಟರು ಚಮಚ ಕೆಳಗಿಟ್ಟರು. “ಪದ್ಯ ಮುಗಿಯಿತು ಭಟ್ರೆ. ಇನ್ನು ನೀವು ಹಿಂದೆ ಹೋಗುವ ಜಾಗ.”

ಭಟ್ಟರು ತೊಡೆಯ ಮೇಲಿನ ಶಾಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಹೊರಗೆ ರಿಕ್ಷಾವೊಂದು ಶಟರಿಗೆ ಉಜ್ಜುವ ಹಾಗೆ ಹಾದುಹೋಯಿತು. “ದಾರಿ ಬಿಟ್ಟಿದ್ದೇನೆ,” ಎಂದರು ಕೊನೆಗೆ, ಇಳಿದ ದನಿಯಲ್ಲಿ.

“ಇದು ಕೂಟದ ಮಾತಾ, ಮನೆಯ ಮಾತಾ?” ಸುಗುಣಾಳ ದನಿ ಏರಿತು. “ಸರಿಯಾಗಿ ಹೇಳಿ.”

ಅವರು ಮಗನ ಕಡೆ ತಿರುಗಿದರು. “ಮನೀಶ, ಮಂಗಳವಾರ ಎಷ್ಟು ಹೊತ್ತಿಗೆ ಹೊರಡ್ಬೇಕು? ಸ್ಟೇಷನ್ನಿಗೆ ನಾನೂ ಬರ್ತೇನೆ.”

ಭಟ್ಟರು ಹೋಟೆಲಿನಲ್ಲೇ ಉಳಿದರು. ಠಾಣೆ ಸ್ಟೇಷನ್ನಿನವರೆಗಿನ ರಿಕ್ಷಾದಲ್ಲಿ ತಾಯಿ ಮಕ್ಕಳು ಮೂವರಿದ್ದರು, ಮಾತಾಡಿದವನು ಮನೀಶನೊಬ್ಬನೇ. ಅವನು ಅಷ್ಟು ಮಾತಾಡಿದ್ದನ್ನು ಶ್ರೀಪ್ರಿಯಾ ಕೇಳಿಯೇ ಇರಲಿಲ್ಲ. ಯಾವ ಬೂಟು, ಯಾವ ಊರು, ಶುರುವಿಗೆ ಎಷ್ಟು ತಿಂಗಳ ಟ್ರೇನಿಂಗು. “ಅಕ್ಕ, ತೂ ಏಕ್ ನಂಬರ್ ಹೈ,” ಎಂದ ಎರಡು ಸಲ. ಅವಳು ಹೂಂ ಎಂದಳು. ತಾನು ತಮ್ಮನನ್ನು ಎಲ್ಲಿಗೆ ಕಳಿಸಿಕೊಟ್ಟೆ ಎಂಬುದು ಈಗ, ನಿಧಾನಕ್ಕೆ, ಸಿಗ್ನಲ್ ಸಿಗ್ನಲ್ಲಿಗೂ ನಿಂತು ನಿಂತು ಅವಳೊಳಗೆ ಬರುತ್ತಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಟ್ರೇನು ಬಂದಾಗ ಸುಗುಣಾ ಹಿಂದೆ ತಿರುಗಿ ನೋಡದೆ ಲೇಡೀಸ್ ಡಬ್ಬಿ ಹತ್ತಿದಳು. ಮನೀಶ ಜನರಲ್ ಡಬ್ಬಿಯ ಬಾಗಿಲಿಂದ ‘ಇಧರ್ ಆ’ ಎಂದು ಕೈ ಮಾಡುತ್ತಿದ್ದ. ಶ್ರೀಪ್ರಿಯಾ ಒಂದು ಕ್ಷಣ ಎರಡರ ನಡುವೆ ನಿಂತು, ಅಮ್ಮನ ಹಿಂದೆ ಹತ್ತಿದಳು.

ಮೂವರು ಕೂರುವ ಸೀಟಿನಲ್ಲಿ ಅಮ್ಮ ಮೂರನೆಯವಳಾಗಿ ಕೂತಿದ್ದಳು. ಇವಳನ್ನು ಕಂಡು ಸ್ವಲ್ಪ ಒಳಗೆ ಸರಿದು, ತುದಿಯಲ್ಲಿ ನಾಲ್ಕನೆಯವಳಿಗೆ ಗೇಣಗಲ ಜಾಗ ಮಾಡಿದಳು. ಶ್ರೀಪ್ರಿಯಾ ಅರ್ಧ ಸೀಟಿನ ಮೇಲೆ, ಅರ್ಧ ಕಾಲ ಮೇಲೆ ಭಾರ ಹಾಕಿ ಕೂತಳು. ಟ್ರೇನು ಹೊರಟಿತು. ಖಾಡಿ ದಾಟಿತು. ಕಳವಾ ಸ್ಟೇಷನ್ನಿನಲ್ಲಿ ನುಗ್ಗಿದ ಹೆಂಗಸರ ಬ್ಯಾಗುಗಳು ಮುಖಕ್ಕೆ ಬಡಿದವು.

“ಅಮ್ಮ,” ಎಂದಳು. “ನಾನು ಬೇಕೂಂತ...”

“ಆ ಮೆಕ್ಯಾನಿಕನ ಅಪ್ಪ ಬಂದ,” ಎಂದಳು ಸುಗುಣಾ, ಕಿಟಕಿಯ ಕಡೆ ನೋಡುತ್ತಲೇ. “ಬುಟ್ಟಿ ತಂದ, ಹೋದ. ಅವನ ಅಮ್ಮ ಎಲ್ಲಿ?”

ಶ್ರೀಪ್ರಿಯಾ ನೆನಪಿನಲ್ಲಿ ಕಂತುಗಳನ್ನು ತಿರುವಿದಳು. ಸೂಪು ಕುಡಿಸಿದ ಕ್ಯಾಪ್ಟನ್, ಒಲೆ, ಬುಟ್ಟಿ, ಹೂ. ಎರಡು ಸಲ ನೋಡಿದ್ದಳು, ದೋಷಗಳನ್ನೆಲ್ಲ ಹೆಕ್ಕಿ ಹೆಕ್ಕಿ ಹೇಳಿದ್ದಳು. ಇದು ಕಂಡಿರಲಿಲ್ಲ.

“ಆರು ಕಂತಲ್ಲಿ ಒಂದು ಸಲವೂ ಬರ್ಲಿಲ್ಲ,” ಎಂದಳು ಅಮ್ಮ. “ನಿಮ್ಮ ಕೂಟದಲ್ಲೂ ಬರ್ಲಿಲ್ಲ. ಅಪ್ಪ ಮಾತಾಡಿದ್ರು, ಮಗ ಮಾತಾಡಿದ, ನೀನು ಮಾತಾಡಿದೆ. ಶೆಟ್ರು ತಟ್ಟೆ ಬಡಿದ್ರು.”

ಮುಂಬ್ರಾದ ಗುಡ್ಡ ಕಿಟಕಿಯಲ್ಲಿ ಹಾದುಹೋಗುತ್ತಿತ್ತು. ಮುಂದಿನ ಡಬ್ಬಿಯ ಬಾಗಿಲಲ್ಲಿ ಗಾಳಿಗೆ ಮುಖ ಕೊಟ್ಟು ನಿಂತಿರಬಹುದಾದ ತಮ್ಮ ಇಲ್ಲಿಂದ ಕಾಣುತ್ತಿರಲಿಲ್ಲ.

“ಹೇಳು,” ಎಂದಳು ಸುಗುಣಾ, ಈಗ ಮಗಳ ಕಡೆ ತಿರುಗಿ. “ಅವನ ಅಮ್ಮ ಎಲ್ಲಿದ್ದಾಳೆ?”

ಶ್ರೀಪ್ರಿಯಾ ಬಾಯಿ ತೆರೆದಳು. ಸೀಟಿನ ತುದಿಯಿಂದ ಜಾರದ ಹಾಗೆ ಅಮ್ಮನ ಕೈ ಅವಳ ಮೊಣಕೈಯನ್ನು ಹಿಡಿದುಕೊಂಡಿತ್ತು. ದಿವಾ ಸ್ಟೇಷನ್ ದಾಟಿದರೂ ಅವಳಿಗೆ ಒಂದು ಮಾತೂ ಸಿಗಲಿಲ್ಲ.